ನಾಲ್ಕು ಸಿಲಿಂಡರಿಗೂ ಒಂದೇ ಗಾಳಿ: ಟರ್ಬೊ ಎಂಜಿನ್ನಿನ ಇನ್‌ಟೇಕ್ ಮ್ಯಾನಿಫೋಲ್ಡ್ ಪೋರ್ಟಿಂಗ್

ದಾವಣಗೆರೆಯ ಗ್ಯಾರೇಜುಗಳಲ್ಲಿ ಟರ್ಬೊ ಗಾಡಿ ಎಂದರೆ ಹೆಚ್ಚಾಗಿ ಡೀಸೆಲ್ಲೇ: ಬೊಲೆರೊ, ಸ್ಕಾರ್ಪಿಯೊ, ಇನ್ನೋವಾ. ಇಲ್ಲಿ ಬರೆದಿರುವ ಕೆಲಸ ಮಾತ್ರ ಪೆಟ್ರೋಲ್ ಟರ್ಬೊದ್ದು. ಮೊದಲ ತಲೆಮಾರಿನ ಸ್ಕೋಡಾ ಆಕ್ಟೇವಿಯಾ ಆರ್‌ಎಸ್, 1.8 ಲೀಟರ್ ಎಂಜಿನ್. ಬೋರ್ (ಸಿಲಿಂಡರಿನ ಒಳವ್ಯಾಸ) 81 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಓಡುವ ಉದ್ದ) 86.4 ಮಿ.ಮೀ., ಸಿಲಿಂಡರಿಗೆ ಮೂರು ಇನ್‌ಟೇಕ್, ಎರಡು ಎಕ್ಸಾಸ್ಟ್ ಸೇರಿ ಒಟ್ಟು 20 ವಾಲ್ವ್, ಕಂಪನಿ ಹೇಳುವ ಶಕ್ತಿ 150 ಪಿಎಸ್. ಇದರ ಇನ್‌ಟೇಕ್ ಮ್ಯಾನಿಫೋಲ್ಡ್, ಅಂದರೆ ಸಿಲಿಂಡರುಗಳಿಗೆ ಗಾಳಿ ಹಂಚುವ ಕವಲು ಕೊಳವೆ, ಎರಕ ಹೊಯ್ದ ಅಲ್ಯೂಮಿನಿಯಂ. ಆದ್ದರಿಂದಲೇ ಇದರ ಒಳದಾರಿಯನ್ನು ಕೆರೆದು ತಿದ್ದಲು, ಅಂದರೆ ಪೋರ್ಟಿಂಗ್ ಮಾಡಲು, ಬರುತ್ತದೆ. ಈಚಿನ ಗಾಡಿಗಳಲ್ಲಿ ಹಲವಕ್ಕೆ ಪ್ಲಾಸ್ಟಿಕ್ ಮ್ಯಾನಿಫೋಲ್ಡ್, ಪೋಲೊದ 1.2 ಟಿಎಸ್‌ಐ ಎಂಜಿನ್ನಿನಲ್ಲಂತೂ ಟರ್ಬೊ ಗಾಳಿಯನ್ನು ತಣಿಸುವ ಇಂಟರ್‌ಕೂಲರೇ ಮ್ಯಾನಿಫೋಲ್ಡ್ ಒಳಗೆ ಕೂತಿದೆ. ಅಂಥದ್ದಕ್ಕೆ ಗ್ರೈಂಡರ್ ಹಚ್ಚುವ ಮಾತೇ ಇಲ್ಲ.

"ಟರ್ಬೊ ಹೆಂಗೂ ಗಾಳಿ ನೂಕುತ್ತಲ್ರಿ, ಮ್ಯಾನಿಫೋಲ್ಡ್ ಯಾಕೆ ತಿದ್ದಬೇಕು?" ಎಂದು ಕೇಳುವವರು ಬಹಳ. ಕೇಳಬೇಕಾದ ಪ್ರಶ್ನೆಯೇ. ಇದಕ್ಕೆ ಉತ್ತರ ಲೆಕ್ಕದಲ್ಲಿದೆ. 6500 ಆರ್‌ಪಿಎಂನಲ್ಲಿ ಈ ಎಂಜಿನ್ನಿನ ಪಿಸ್ಟನ್ನಿನ ಸರಾಸರಿ ವೇಗ ಸೆಕೆಂಡಿಗೆ 18.7 ಮೀಟರ್. ಬೋರಿನ ವಿಸ್ತೀರ್ಣ 51.5 ಚದರ ಸೆಂ.ಮೀ. ಮ್ಯಾನಿಫೋಲ್ಡಿನಲ್ಲಿ ಪ್ರತಿ ಸಿಲಿಂಡರಿಗೆ ಹೋಗುವ ಕವಲಿಗೆ ರನ್ನರ್ ಎನ್ನುತ್ತಾರೆ; ಅದರ ಒಳಗಿನ ವಿಸ್ತೀರ್ಣ 34 ಮಿ.ಮೀ. ವ್ಯಾಸದ ದುಂಡು ಕೊಳವೆಗೆ ಸಮ ಎಂದು ಹಿಡಿದರೆ 9.08 ಚದರ ಸೆಂ.ಮೀ. ಅಂದರೆ ರನ್ನರಿನಲ್ಲಿ ಗಾಳಿಯ ಸರಾಸರಿ ವೇಗ ಸೆಕೆಂಡಿಗೆ 106 ಮೀಟರ್. ಸ್ಟ್ರೋಕಿನ ನಡುವೆ ಇನ್ನೂ ಜಾಸ್ತಿ. ಟರ್ಬೊ ಇದ್ದರೂ ಇಲ್ಲದಿದ್ದರೂ ಈ ವೇಗ ಹೆಚ್ಚುಕಡಿಮೆ ಅಷ್ಟೇ, ಏಕೆಂದರೆ ಸಿಲಿಂಡರ್ ಎಳೆದುಕೊಳ್ಳುವ ಗಾತ್ರ ಬದಲಾಗುವುದಿಲ್ಲ. ಬದಲಾಗುವುದು ಗಾಳಿಯ ಸಾಂದ್ರತೆ. 0.8 ಬಾರ್ ಬೂಸ್ಟ್ (ಟರ್ಬೊ ಹೆಚ್ಚಿಸುವ ಒತ್ತಡ), ಮ್ಯಾನಿಫೋಲ್ಡ್ ಒಳಗೆ 50 ಡಿಗ್ರಿ ಎಂದುಕೊಂಡರೆ ಒಂದು ಘನ ಮೀಟರ್ ಗಾಳಿ ಸುಮಾರು 1.9 ಕೆ.ಜಿ. ತೂಗುತ್ತದೆ. ಸಾಂದ್ರತೆ ಏರಿದಷ್ಟೂ ಅದೇ ವೇಗಕ್ಕೆ ಆಗುವ ಒತ್ತಡದ ನಷ್ಟವೂ ಏರುತ್ತದೆ. ಟರ್ಬೊ ಆ ನಷ್ಟವನ್ನು ಮುಚ್ಚಿಹಾಕುತ್ತದೆ, ನಿಜ. ಆದರೆ ಹೆಚ್ಚು ತಿರುಗಿ, ಗಾಳಿಯನ್ನು ಹೆಚ್ಚು ಬಿಸಿ ಮಾಡಿ ಮುಚ್ಚುತ್ತದೆ.

ಈಗ ಆ ನಷ್ಟ ಎಲ್ಲಿದೆ ಎಂದು ನೋಡೋಣ. ಮೇಲಿನ ಅಂಕಿಗಳಲ್ಲಿ ಗಾಳಿಯ ವೇಗದಿಂದ ಹುಟ್ಟುವ ಒತ್ತಡ ಸುಮಾರು 10.6 ಕಿಲೋಪಾಸ್ಕಲ್. ಥ್ರಾಟಲ್ ದಾಟಿದ ಗಾಳಿ ತುಂಬುವ ಪೆಟ್ಟಿಗೆಯಾದ ಪ್ಲೆನಮ್‌ನಿಂದ ರನ್ನರಿಗೆ ನುಗ್ಗುವ ಬಾಯಿಯ ಅಂಚು ಚೂಪಾಗಿದ್ದರೆ ಅದರಲ್ಲಿ ಅರ್ಧ ಅಲ್ಲೇ ಹೋಗುತ್ತದೆ: 5.3 ಕಿಲೋಪಾಸ್ಕಲ್. ಅಂಚನ್ನು ವ್ಯಾಸದ ನೂರಕ್ಕೆ 15ರಷ್ಟು, ಅಂದರೆ 34 ಮಿ.ಮೀ. ರನ್ನರಿಗೆ 5 ಮಿ.ಮೀ. ರೇಡಿಯಸ್‌ನಲ್ಲಿ ಗುಂಡಗೆ ಮಾಡಿದರೆ ನಷ್ಟ ನೂರಕ್ಕೆ 4ಕ್ಕೆ ಇಳಿಯುತ್ತದೆ: 0.4 ಕಿಲೋಪಾಸ್ಕಲ್. ಎರಕದಲ್ಲಿ ಬರುವ ಅಂಚು ಪೂರ್ತಿ ಚೂಪೂ ಅಲ್ಲ, ಗುಂಡಗೂ ಅಲ್ಲ; 1 ಮಿ.ಮೀ. ರೇಡಿಯಸ್ ಇದ್ದರೆ ನಷ್ಟ ಕಾಲುಭಾಗದ ಸುತ್ತ, ಅಂದರೆ 2.7 ಕಿಲೋಪಾಸ್ಕಲ್. ಬರೀ ಬಾಯಿ ತಿದ್ದಿದರೆ ಉಳಿತಾಯ 2.3 ಕಿಲೋಪಾಸ್ಕಲ್ ಆಯಿತು. ಊರಿನ ಗಾಳಿಯ 94, ಬೂಸ್ಟಿನ 80 ಸೇರಿ ಒಟ್ಟು 174 ಕಿಲೋಪಾಸ್ಕಲ್ಲಿನಲ್ಲಿ ಇದು ನೂರಕ್ಕೆ ಒಂದೂಕಾಲು. ಇದಕ್ಕೆ ಹೆಡ್ (ಸಿಲಿಂಡರುಗಳ ಮೇಲೆ ಕೂರುವ, ವಾಲ್ವ್ ಇರುವ ಭಾಗ) ಜೊತೆ ಸೇರುವ ಕಡೆಯ ಮೆಟ್ಟಿಲನ್ನೂ ತೆಗೆದರೆ ಇನ್ನಷ್ಟು. ಪೋರ್ಟಿಂಗ್ ಒಂದರಿಂದಲೇ 20 ಕುದುರೆ ಹೆಚ್ಚುತ್ತದೆ ಎನ್ನುವವರ ಮಾತು ಈ ಲೆಕ್ಕದ ಮುಂದೆ ನಿಲ್ಲುವುದಿಲ್ಲ.

ಹಾಗಾದರೆ ಇಷ್ಟು ಶ್ರಮ ಯಾಕೆ? ನಮ್ಮ ಮಟ್ಟಿಗೆ ಮುಖ್ಯ ಕಾರಣ ಬೇರೆ: ನಾಲ್ಕು ಸಿಲಿಂಡರಿಗೂ ಗಾಳಿ ಸಮನಾಗಿ ಹಂಚಬೇಕು. ಎರಕ ಹೊಯ್ಯುವಾಗ ಮರಳಿನ ಕೋರ್ ಸ್ವಲ್ಪ ಸರಿದಿದ್ದರೂ ಒಂದು ರನ್ನರಿನ ಬಾಯಿ ಹೆಡ್ಡಿನ ಪೋರ್ಟಿಗಿಂತ ಒಂದು ಮಿ.ಮೀ. ಮೇಲೋ ಕೆಳಗೋ ಕೂರುತ್ತದೆ. ಇಂಜೆಕ್ಟರ್ ನಾಲ್ಕಕ್ಕೂ ಒಂದೇ ಅಳತೆಯ ಪೆಟ್ರೋಲ್ ಸಿಂಪಡಿಸುತ್ತದೆ. ಆಕ್ಸಿಜನ್ ಸೆನ್ಸರ್ ಇರುವುದು ನಾಲ್ಕೂ ಸೇರಿದ ಮೇಲೆ. ಅದು ಓದುವುದು ಸರಾಸರಿಯನ್ನು. ಒಂದು ಸಿಲಿಂಡರಿಗೆ ನೂರಕ್ಕೆ 3ರಷ್ಟು ಗಾಳಿ ಜಾಸ್ತಿ ಹೋದರೆ ಒಂದು ಪಾಲು ಪೆಟ್ರೋಲಿಗೆ 12.0 ಪಾಲು ಗಾಳಿ ಇರಬೇಕಾದ ಮಿಶ್ರಣ ಅಲ್ಲಿ 12.4ರ ಹತ್ತಿರ ಬರುತ್ತದೆ. ಸಾಮಾನ್ಯ ಎಂಜಿನ್ ಅದನ್ನು ತಡೆದುಕೊಳ್ಳುತ್ತದೆ. ಬೂಸ್ಟ್ ಏರಿಸಿದ ಎಂಜಿನ್ನಿನಲ್ಲಿ ಮೊದಲು ನಾಕ್ (ಮಿಶ್ರಣ ತಾನಾಗಿ ಸಿಡಿಯುವ ಬಡಿತ) ಹೊಡೆಯುವುದೂ, ಪಿಸ್ಟನ್ ರಿಂಗಿನ ನಡುವಿನ ಗೋಡೆ ಮೊದಲು ಮುರಿಯುವುದೂ ಅದೇ ಸಿಲಿಂಡರಿನಲ್ಲಿ. ಕೈಗೆ ಎಟುಕಿದ ಎರಡು ರನ್ನರನ್ನು ಚೆಂದ ಮಾಡಿ, ಎಟುಕದ ಎರಡನ್ನು ಹಾಗೇ ಬಿಟ್ಟ ಮ್ಯಾನಿಫೋಲ್ಡ್, ಕಂಪನಿಯಿಂದ ಬಂದದ್ದಕ್ಕಿಂತ ಕೆಟ್ಟದ್ದು.

ಬಿಚ್ಚುವ ಮುಂಚೆ ಈಗಿನ ಸ್ಥಿತಿ ಬರೆದಿಟ್ಟುಕೊಳ್ಳಬೇಕು. ಎಂಜಿನ್ ಕಂಪ್ಯೂಟರನ್ನು ಓದುವ ವಿಸಿಡಿಎಸ್ ತಂತ್ರಾಂಶದ ಕೇಬಲ್ ಹಾಕಿ ನಾವು ನೋಡುವ ಮೆಷರಿಂಗ್ ಬ್ಲಾಕ್‌ಗಳು ನಾಲ್ಕು: 003ರಲ್ಲಿ ಗಾಳಿಯ ತೂಕ, ಸೆಕೆಂಡಿಗೆ ಇಷ್ಟು ಗ್ರಾಂ ಎಂದು, 115ರಲ್ಲಿ ಕಂಪ್ಯೂಟರ್ ಕೇಳಿದ ಬೂಸ್ಟ್ ಮತ್ತು ನಿಜವಾಗಿ ಬಂದ ಬೂಸ್ಟ್, 020ರಲ್ಲಿ ಪ್ರತಿ ಸಿಲಿಂಡರಿಗೆ ನಾಕ್ ಕಾರಣಕ್ಕೆ ಹಿಂದೆ ಸರಿಸಿದ ಸ್ಪಾರ್ಕ್ ಟೈಮಿಂಗ್, 032ರಲ್ಲಿ ಫ್ಯೂಯಲ್ ಟ್ರಿಮ್, ಅಂದರೆ ಕಂಪ್ಯೂಟರ್ ಪೆಟ್ರೋಲನ್ನು ಎಷ್ಟು ಹೆಚ್ಚು ಕಡಿಮೆ ಮಾಡಿದೆ ಎನ್ನುವ ಅಂಕಿ. ಎಂಜಿನ್ ಚಾಲೂ ಮಾಡದೆ ಕೀ ಮಾತ್ರ ತಿರುಗಿಸಿ 115 ನೋಡಿದರೆ ಊರಿನ ಗಾಳಿಯ ಒತ್ತಡ ಸಿಗುತ್ತದೆ. ಸಮುದ್ರ ಮಟ್ಟದಿಂದ ಸುಮಾರು 600 ಮೀಟರ್ ಎತ್ತರದ ದಾವಣಗೆರೆಯಲ್ಲಿ ಅದು 940 ಮಿಲಿಬಾರ್ ಆಸುಪಾಸು ಇರಬೇಕು; ಚಿತ್ರದುರ್ಗದಲ್ಲಿ ಅದಕ್ಕಿಂತ 10–15 ಕಡಿಮೆ. ತೀರಾ ಬೇರೆ ಬಂದರೆ ಸೆನ್ಸರನ್ನೇ ಮೊದಲು ಅನುಮಾನಿಸಿ.

ಹವೆಯ ಬಗ್ಗೆ ಒಂದು ಎಚ್ಚರಿಕೆ. ಏಪ್ರಿಲ್ ಮಧ್ಯಾಹ್ನದ 38 ಡಿಗ್ರಿಗೂ ಡಿಸೆಂಬರ್ ಬೆಳಗಿನ 18 ಡಿಗ್ರಿಗೂ ಗಾಳಿಯ ಸಾಂದ್ರತೆಯಲ್ಲಿ ನೂರಕ್ಕೆ 6ರಷ್ಟು ವ್ಯತ್ಯಾಸ. ನಾವು ಹುಡುಕುತ್ತಿರುವ ಲಾಭಕ್ಕಿಂತ ಅದೇ ಹೆಚ್ಚು. ಕೆಲಸಕ್ಕೆ ಮುಂಚಿನ ಓದನ್ನೂ ನಂತರದ ಓದನ್ನೂ ಒಂದೇ ಹೊತ್ತಿನಲ್ಲಿ, ಒಂದೇ ಬಿಸಿಯಲ್ಲಿ, ಅದೇ ಗೇರಿನಲ್ಲಿ ತೆಗೆದುಕೊಂಡರೆ ಮಾತ್ರ ಹೋಲಿಸಬಹುದು. ಹೆದ್ದಾರಿಯಲ್ಲಿ ಪೂರ್ತಿ ಆಕ್ಸಿಲರೇಟರ್ ಒತ್ತಿ ಪರೀಕ್ಷೆ ಮಾಡುವುದನ್ನು ನಾವು ಯಾರಿಗೂ ಹೇಳುವುದಿಲ್ಲ. ದಾವಣಗೆರೆ–ಚಿತ್ರದುರ್ಗದ ನಡುವೆ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಲಾರಿಗಳು ರಾತ್ರಿ ಹಗಲು ನಿಲ್ಲುವುದಿಲ್ಲ. ಎಂಜಿನ್ ಶಕ್ತಿ ಅಳೆಯುವ ಡೈನೋ ಯಂತ್ರದ ಮೇಲೆ ಮಾಡಿಸುವುದೇ ಸರಿ.

ಬಿಚ್ಚುವುದು ಸಲೀಸು, ಆದರೆ ಹಳೇ ಗಾಡಿಯಾದ್ದರಿಂದ ಪ್ಲಾಸ್ಟಿಕ್ಕೆಲ್ಲ ಬಿಸಿಗೆ ಒಣಗಿ ಪುಡಿಯಾಗುವಂತಿರುತ್ತದೆ. ಬ್ಯಾಟರಿ ನೆಗೆಟಿವ್ ತೆಗೆದು, ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಫ್ಯೂಯಲ್ ರೈಲಿನ ಒತ್ತಡ ಇಳಿಸಿ. ರೈಲಿನಲ್ಲಿ 3 ಬಾರ್ ಸುತ್ತ ಇರುತ್ತದೆ, ಬಟ್ಟೆ ಸುತ್ತಿ ನಿಧಾನಕ್ಕೆ ಬಿಡಬೇಕು. ಆಯಿಲ್ ಡಿಪ್‌ಸ್ಟಿಕ್ಕಿನ ಕಿತ್ತಳೆ ಬಣ್ಣದ ಆಲಿಕೆ ಮುಟ್ಟಿದರೆ ಮುರಿಯುತ್ತದೆ. ಹೊಸದು ತರಿಸಿಟ್ಟುಕೊಂಡೇ ಕೈ ಹಾಕಿ. ಮ್ಯಾನಿಫೋಲ್ಡ್ ಕೆಳಗಿರುವ ಬ್ರೀದರ್ ಪೈಪು, ಚೆಕ್ ವಾಲ್ವ್‌ಗಳನ್ನು ಬದಲಿಸಲು ಇದಕ್ಕಿಂತ ಒಳ್ಳೆಯ ಸಮಯ ಬರುವುದಿಲ್ಲ. ಬ್ರೇಕ್ ಬೂಸ್ಟರಿಗೆ ಹೋಗುವ ಚೆಕ್ ವಾಲ್ವನ್ನು ಬಾಯಲ್ಲಿ ಊದಿ ನೋಡಿ, ಗಾಳಿ ಒಂದೇ ಕಡೆ ಹೋಗಬೇಕು. ಅದು ಕೆಟ್ಟಿದ್ದರೆ ಟರ್ಬೊ ಒತ್ತಡ ಬ್ರೇಕ್ ಬೂಸ್ಟರಿಗೆ ನುಗ್ಗುತ್ತದೆ. ಮ್ಯಾನಿಫೋಲ್ಡ್ ಈಚೆ ಬಂದ ಮರುಕ್ಷಣ ಹೆಡ್ಡಿನ ನಾಲ್ಕೂ ಪೋರ್ಟಿಗೆ ಅಗಲದ ಟೇಪ್ ಅಂಟಿಸಿ. ಬಟ್ಟೆ ತುರುಕುವ ಅಭ್ಯಾಸ ಬೇಡ, ನೂಲು ಒಳಗೆ ಉಳಿಯುತ್ತದೆ.

ತೊಳೆಯುವಾಗ ಕಾಸ್ಟಿಕ್ ಸೋಡಾ ತೊಟ್ಟಿಯ ಹತ್ತಿರವೂ ಒಯ್ಯಬೇಡಿ. ಕಬ್ಬಿಣದ ಹೆಡ್, ಬ್ಲಾಕ್ ತೊಳೆಯಲು ಅದು ಸರಿ; ಅಲ್ಯೂಮಿನಿಯಂ ಅನ್ನು ಅದು ತಿಂದುಹಾಕುತ್ತದೆ, ಜೊತೆಗೆ ಹೈಡ್ರೋಜನ್ ಅನಿಲ ಬಿಡುತ್ತದೆ. ಸೀಮೆಎಣ್ಣೆ, ಬ್ರಷ್, ಆಮೇಲೆ ಸೋಪುಪುಡಿಯ ಬಿಸಿನೀರು ಸಾಕು. ತೊಳೆದ ಮೇಲೆ ಹೆಡ್ಡಿಗೆ ಬಿಗಿಯುವ ಚಪ್ಪಟೆ ಮುಖವಾದ ಫ್ಲ್ಯಾಂಜಿನ ಮೇಲೆ ಸ್ಟ್ರೈಟ್ ಎಡ್ಜ್ ಇಟ್ಟು ಫೀಲರ್ ಗೇಜಿನಿಂದ ನೋಡಿ ಬರೆದಿಡಿ. 0.1 ಮಿ.ಮೀ. ದಾಟಿದ್ದರೆ ಸರ್ಫೇಸ್ ಮಾಡಿಸಬೇಕು, ಆದರೆ ಈಗಲ್ಲ. ಎಲ್ಲ ಮುಗಿದ ಮೇಲೆ.

ಈಗ ದೊಡ್ಡ ತೀರ್ಮಾನ: ಪ್ಲೆನಮ್ ಕತ್ತರಿಸುವುದೋ ಬೇಡವೋ. ಥ್ರಾಟಲ್ ತೂತಿನಿಂದ ಉದ್ದ ಶ್ಯಾಂಕಿನ (ಕಾಂಡದ) ಬರ್, ಅಂದರೆ ತಿರುಗುತ್ತಾ ಕೆರೆಯುವ ಹಲ್ಲಿನ ತಲೆ, ಹಾಕಿದರೆ ಹತ್ತಿರದ ರನ್ನರಿನ ಬಾಯಿ ಸಿಗುತ್ತದೆ, ದೂರದ್ದು ಸಿಗುವುದಿಲ್ಲ. ಸಮ ಮಾಡುವುದೇ ಉದ್ದೇಶವಾದ್ದರಿಂದ ನಾವು ಕತ್ತರಿಸುತ್ತೇವೆ. ನಂಬಿಕೆಯ ಆರ್ಗಾನ್ ವೆಲ್ಡರ್ ಸಿಗದಿದ್ದರೆ ಕತ್ತರಿಸಬೇಡಿ. ಹೆಡ್ ಕಡೆಯ ಹೊಂದಾಣಿಕೆ ಮಾತ್ರ ಮಾಡಿ ನಿಲ್ಲಿಸಿ. ಕತ್ತರಿಸುವ ಗೆರೆ ರನ್ನರ್ ಬಾಯಿಗಳ ಎದುರಿನ ಗೋಡೆಯಲ್ಲಿ, ಸೆನ್ಸರ್ ಅಥವಾ ನಿಪ್ಪಲ್ ಕೂರುವ ದಪ್ಪ ಜಾಗಗಳಿಂದ ಕನಿಷ್ಠ 15 ಮಿ.ಮೀ. ದೂರ ಇರಲಿ. ಬ್ಯಾಂಡ್ ಸಾ ಒಳ್ಳೆಯದು. ಆಂಗಲ್ ಗ್ರೈಂಡರಿನ ಡಿಸ್ಕ್ ಅಲ್ಯೂಮಿನಿಯಂ ಹಿಡಿದು ತುಂಬಿಕೊಳ್ಳುತ್ತದೆ, ಕತ್ತರಿಸಿದ ಅಂಚಿನಲ್ಲಿ ಅದರ ಹರಳು ಉಳಿದು ಮುಂದೆ ವೆಲ್ಡಿಂಗಿಗೆ ಕಂಟಕ.

ಮೊದಲು ಗೋಡೆಯ ದಪ್ಪ. ಔಟ್‌ಸೈಡ್ ಕ್ಯಾಲಿಪರಿನಿಂದ ಎಟುಕುವಷ್ಟು ಕಡೆ ಅಳೆದು ಹೊರಗೆ ಮಾರ್ಕರಿನಲ್ಲಿ ಬರೆಯುತ್ತಾ ಹೋಗಿ. ಈ ಥರದ ಎರಕದಲ್ಲಿ 3.5ರಿಂದ 5 ಮಿ.ಮೀ. ಸಾಮಾನ್ಯ. ಕೆಲಸ ಮುಗಿದಾಗ ಎಲ್ಲೂ 2.5 ಮಿ.ಮೀ.ಗಿಂತ ತೆಳ್ಳಗಾಗಬಾರದು. ಇಂಜೆಕ್ಟರ್ ಕೂರುವ ಜಾಗ, ವ್ಯಾಕ್ಯೂಮ್ ನಿಪ್ಪಲ್ ತೂತಿನ ಸುತ್ತ ಹೊರಗಿನಿಂದ ದಪ್ಪ ಕಂಡರೂ ಒಳಗೆ ತೆಳು ಇರುತ್ತದೆ. ಗ್ರೈಂಡರ್ ಆಚೆ ಬರುವುದು ಅಲ್ಲೇ. ಆಮೇಲೆ ಪ್ರತಿ ರನ್ನರಿನ ಗಾತ್ರ. ಫ್ಲ್ಯಾಂಜಿಗೆ ಗ್ರೀಸ್ ಹಚ್ಚಿ ಅಕ್ರಿಲಿಕ್ ಹಾಳೆ ಬಿಗಿದು, ರನ್ನರಿನ ಬಾಯಿ ಮಟ್ಟವಾಗಿ ಮೇಲೆ ಬರುವಂತೆ ವೈಸಿನಲ್ಲಿ ಹಿಡಿದು, 100 ಮಿ.ಲೀ. ಸಿರಿಂಜಿನಿಂದ ಸೀಮೆಎಣ್ಣೆ ತುಂಬಿ. ನೀರು ಅಂಚಿನಲ್ಲಿ ಉಬ್ಬಿ ನಿಲ್ಲುತ್ತದೆ, ಅಳತೆ ತಪ್ಪುತ್ತದೆ. ನಾಲ್ಕರ ಅಂಕಿ ಬರೆದಿಟ್ಟುಕೊಂಡರೆ ಯಾವುದು ಚಿಕ್ಕದು ಎಂದು ತಿಳಿಯುತ್ತದೆ. ಎಲ್ಲಿ ಚಿಕ್ಕದು ಎನ್ನುವುದನ್ನು ಸ್ನ್ಯಾಪ್ ಗೇಜ್ ಹೇಳುತ್ತದೆ.

ಟೆಂಪ್ಲೇಟ್ ವಿಷಯದಲ್ಲಿ ಹೆಚ್ಚಿನವರು ಎಡವುವುದು ಗ್ಯಾಸ್ಕೆಟನ್ನು ನಂಬಿ. ಗ್ಯಾಸ್ಕೆಟಿನ ತೂತು ಸಾಮಾನ್ಯವಾಗಿ ಪೋರ್ಟಿಗಿಂತ ದೊಡ್ಡದು. ಅದನ್ನಿಟ್ಟು ಗೆರೆ ಎಳೆದು ಅಷ್ಟಕ್ಕೆ ತೆರೆದರೆ ಮ್ಯಾನಿಫೋಲ್ಡ್ ಬಾಯಿ ಹೆಡ್ಡಿನದ್ದಕ್ಕಿಂತ ಅಗಲವಾಗುತ್ತದೆ. ಬರುವ ಗಾಳಿ ನೇರ ಹೆಡ್ಡಿನ ಅಂಚಿಗೆ ಬಡಿಯುತ್ತದೆ. ಚಿಕ್ಕದರಿಂದ ದೊಡ್ಡದಕ್ಕೆ ಹೋಗುವ ಸಣ್ಣ ಮೆಟ್ಟಿಲನ್ನು ಗಾಳಿ ಅಷ್ಟಾಗಿ ಲೆಕ್ಕಿಸುವುದಿಲ್ಲ. ದೊಡ್ಡದರಿಂದ ಚಿಕ್ಕದಕ್ಕೆ ಹೋಗುವ ಮೆಟ್ಟಿಲು ಕೆಟ್ಟದ್ದು. ಆದ್ದರಿಂದ ಟೆಂಪ್ಲೇಟ್ ತೆಗೆಯಬೇಕಾದದ್ದು ಹೆಡ್ಡಿನಿಂದ. ಗಟ್ಟಿ ಪಾರದರ್ಶಕ ಪ್ಲಾಸ್ಟಿಕ್ ಹಾಳೆಗೆ ಬೋಲ್ಟ್ ತೂತು ಕೊರೆದು ಹೆಡ್ಡಿಗೆ ಬಿಗಿದು, ಪೋರ್ಟಿನ ನಿಜವಾದ ಅಂಚನ್ನು ಸ್ಕ್ರೈಬರಿನಿಂದ ಗೀರಿ ಕತ್ತರಿಸಿ. ಫ್ಲ್ಯಾಂಜಿಗೆ ಮಾರ್ಕಿಂಗ್ ಬ್ಲೂ ಹಚ್ಚಿ, ಅದೇ ಬೋಲ್ಟ್ ತೂತುಗಳ ಮೇಲೆ ಹಾಳೆ ಕೂರಿಸಿ ಗೆರೆ ಎಳೆಯಿರಿ. ಕೆಲಸ ನಿಲ್ಲಿಸಬೇಕಾದದ್ದು ಆ ಗೆರೆಗಿಂತ 0.3ರಿಂದ 0.5 ಮಿ.ಮೀ. ಒಳಗೆ, ಸುತ್ತಲೂ.

ಇಲ್ಲೊಂದು ಕಷ್ಟವಿದೆ. ಬೋಲ್ಟಿಗೂ ಅದರ ತೂತಿಗೂ ನಡುವೆ ಅರ್ಧದಿಂದ ಒಂದು ಮಿ.ಮೀ. ಸಡಿಲ ಇರುತ್ತದೆ. ಅಷ್ಟು ಸಡಿಲದಲ್ಲಿ ಮ್ಯಾನಿಫೋಲ್ಡ್ ಯಾವ ಕಡೆಗಾದರೂ ಕೂತುಕೊಳ್ಳಬಹುದು, ಅರ್ಧ ಮಿ.ಮೀ. ಲೆಕ್ಕ ಹಾಕಿ ತಿದ್ದಿದ್ದೆಲ್ಲ ವ್ಯರ್ಥ. ಅದಕ್ಕಾಗಿ ಫ್ಲ್ಯಾಂಜಿನ ಎರಡೂ ತುದಿಯಲ್ಲಿ 4 ಮಿ.ಮೀ. ಡೋವೆಲ್ ಪಿನ್ ಹಾಕುತ್ತೇವೆ. ಮ್ಯಾನಿಫೋಲ್ಡನ್ನು ಸರಿಯಾಗಿ ಕೂರಿಸಿ ಬಿಗಿದು, ಫ್ಲ್ಯಾಂಜಿನ ಮೂಲಕ ಹೆಡ್ಡಿಗೆ 6 ಮಿ.ಮೀ. ಆಳ ಕೊರೆದು ರೀಮರ್ ಹಾಕುವುದು. ಕೂಲಂಟ್ ದಾರಿ ಎಲ್ಲಿದೆ ಎಂದು ನೋಡಿಕೊಳ್ಳದೆ ಡ್ರಿಲ್ ಮುಟ್ಟಬಾರದು. ಅನುಮಾನ ಇದ್ದರೆ ಎರಡು ಬೋಲ್ಟನ್ನು ಲೇಥಿನಲ್ಲಿ ತೂತಿಗೆ ಬಿಗಿಯಾಗಿ ಕೂರುವಂತೆ ಮಾಡಿಸಿ ಅವುಗಳಿಂದಲೇ ಜಾಗ ಹಿಡಿಸಬಹುದು. ಹರಿಹರ, ದಾವಣಗೆರೆಯಲ್ಲಿ ಇಂಥ ಲೇಥ್ ಕೆಲಸಕ್ಕೆ ಕೈ ಇರುವವರಿಗೆ ಬರವಿಲ್ಲ. 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಲೇಥ್ ತಯಾರಿಸುತ್ತಿದ್ದ ಊರು ಹರಿಹರ.

ಗ್ರೈಂಡಿಂಗಿಗೆ ಬೇಕಾದ್ದು ಅಲ್ಯೂಮಿನಿಯಂಗೆ ಮಾಡಿದ ಕಾರ್ಬೈಡ್ ಬರ್: ಹಲ್ಲು ಅಗಲ, ಒಂದೇ ದಿಕ್ಕಿನ ಕಟ್. ಕಬ್ಬಿಣಕ್ಕೆ ಬಳಸುವ ಅಡ್ಡ-ಉದ್ದ ಕಟ್ಟಿನ ಬರ್ ಹಾಕಿದರೆ ನಿಮಿಷದಲ್ಲಿ ಹಲ್ಲಿನ ನಡುವೆ ಅಲ್ಯೂಮಿನಿಯಂ ಕರಗಿ ಕೂತು ಬರೀ ಉಜ್ಜುತ್ತದೆ, ಕೊರೆಯುವುದಿಲ್ಲ. 6 ಮಿ.ಮೀ. ಶ್ಯಾಂಕ್, 12 ಮಿ.ಮೀ. ತಲೆಯ ಮೊಟ್ಟೆ ಆಕಾರದ್ದೊಂದು, ಉದ್ದ ಜ್ವಾಲೆಯ ಆಕಾರದ್ದೊಂದು, ಇವೆರಡರಲ್ಲಿ ಮುಕ್ಕಾಲು ಕೆಲಸ ಆಗುತ್ತದೆ. ಒಳಭಾಗಕ್ಕೆ 150 ಮಿ.ಮೀ. ಉದ್ದದ ಶ್ಯಾಂಕ್ ಬೇಕು. ಗಿಡ್ಡ ಬರ್ ಅನ್ನು 15,000 ಆರ್‌ಪಿಎಂ ಸುತ್ತ ತಿರುಗಿಸಬಹುದು. ಉದ್ದ ಶ್ಯಾಂಕನ್ನು 10,000 ದಾಟಿಸಬೇಡಿ, ಮೇಲೆ ಹೋದರೆ ಶ್ಯಾಂಕ್ ಬಾಗಿ ಚಾಟಿಯಾಗುತ್ತದೆ. ಬರ್ ಗಾಳಿಯಲ್ಲಿದ್ದಾಗ ಸ್ವಿಚ್ ಒತ್ತಬೇಡಿ. ತಲೆ ರನ್ನರ್ ಒಳಗೆ ಹೋದ ಮೇಲೆ ಶುರು ಮಾಡಿ, ನಿಂತ ಮೇಲೆ ಹೊರಗೆ ತೆಗೆಯಿರಿ. ಗಾಳಿಯ ಡೈ ಗ್ರೈಂಡರ್ ಹಗುರ, ಕೈಗೆ ಹಿತ, ಆದರೆ ಎರಡು ಎಚ್‌ಪಿ ಕಂಪ್ರೆಸರ್ ಅದಕ್ಕೆ ಬಿಡದೆ ಗಾಳಿ ಕೊಡಲಾರದು. ಚಿಕ್ಕ ವರ್ಕ್‌ಶಾಪಿಗೆ ವೇಗ ಬದಲಿಸುವ ಎಲೆಕ್ಟ್ರಿಕ್ ಗ್ರೈಂಡರೇ ಮೇಲು. ಬರ್‌ಗೆ ಆಗಾಗ ಮೇಣದ ಬತ್ತಿ ತಾಗಿಸುತ್ತಾ ಇದ್ದರೆ ಲೋಹ ಅಂಟುವುದಿಲ್ಲ. ಸೀಮೆಎಣ್ಣೆಯೂ ಆಗುತ್ತದೆ, ಆದರೆ ಸಿಡಿದ ತುಂತುರು ಮುಖಕ್ಕೆ ಬರುತ್ತದೆ, ಬೆಂಕಿಯ ಭಯವೂ ಇದೆ. ಕನ್ನಡಕ, ಮಾಸ್ಕ್ ಕಡ್ಡಾಯ. ಅಲ್ಯೂಮಿನಿಯಂನ ಸಣ್ಣ ಧೂಳು ಹೊತ್ತಿಕೊಳ್ಳುತ್ತದೆ. ಅದೇ ಮೇಜಿನ ಮೇಲೆ ಕಬ್ಬಿಣ ಉಜ್ಜಿ ಕಿಡಿ ಹಾರಿಸಬಾರದು.

ಕೈ ಒಂದೇ ಜಾಗದಲ್ಲಿ ನಿಲ್ಲಬಾರದು. ನಿಂತರೆ ಗುಳಿ ಬೀಳುತ್ತದೆ, ಗುಳಿ ಸರಿಮಾಡಲು ಸುತ್ತಲೂ ಕೆರೆಯಬೇಕು, ಹಾಗೆ ರನ್ನರ್ ಬೇಡದೆಯೂ ದೊಡ್ಡದಾಗುತ್ತದೆ. ರನ್ನರ್ ಉದ್ದಕ್ಕೆ ಹಿಂದೆ ಮುಂದೆ ಎಳೆಯುತ್ತಾ, ಜೊತೆಗೆ ಸುತ್ತಲೂ ಸರಿಸುತ್ತಾ ಹೋಗಬೇಕು. ಗೆರೆಯವರೆಗೆ ಬಾಯಿ ತೆರೆದ ಮೇಲೆ ಒಳಗೆ ಬೆರೆಸುವ ಉದ್ದ ಮುಖ್ಯ: ಒಂದು ಮಿ.ಮೀ. ತೆಗೆದಿದ್ದರೆ ಕನಿಷ್ಠ 25 ಮಿ.ಮೀ. ಒಳಗಿನವರೆಗೆ ಇಳಿಜಾರು ಎಳೆಯಬೇಕು. ಆಗ ಕೋನ 2.3 ಡಿಗ್ರಿ, ಗಾಳಿ ಗೋಡೆ ಬಿಡುವುದಿಲ್ಲ. ಬಾಯಿ ಮಾತ್ರ ಅಗಲಿಸಿ 5 ಮಿ.ಮೀ.ಯಲ್ಲಿ ಮುಗಿಸಿದ ಕೆಲಸ ಫೋಟೊದಲ್ಲಿ ಚೆನ್ನಾಗಿ ಕಾಣುತ್ತದೆ, ಗಾಳಿಗೆ ಅದು ಗುಂಡಿ.

ಬಾಗಿದ ರನ್ನರಿನಲ್ಲಿ ಒಳಬಾಗಿನ ಗೋಡೆಯನ್ನು ಮುಟ್ಟುವಾಗ ಹಿಡಿತ ಇರಲಿ. ಕೈಗೆ ಸುಲಭವಾಗಿ ಸಿಗುವುದೇ ಅದು, ಹಾಗಾಗಿ ಎಲ್ಲರೂ ಅಲ್ಲೇ ಜಾಸ್ತಿ ಕೆರೆಯುತ್ತಾರೆ. ಅಲ್ಲಿನ ತಿರುವು ಚಪ್ಪಟೆಯಾದರೆ ಗಾಳಿ ಅಲ್ಲಿಂದ ಬಿಡಿಸಿಕೊಂಡು ಸುಳಿಯಾಗುತ್ತದೆ. ಎರಕದ ಉಬ್ಬು, ಗೆರೆ ಇದ್ದರೆ ತೆಗೆಯಿರಿ, ತಿರುವಿನ ರೂಪ ಕೆಡಿಸಬೇಡಿ. ಇಂಜೆಕ್ಟರ್ ಬಾಯಿಯ ಉಬ್ಬನ್ನೂ ಪೂರ್ತಿ ಸಪಾಟು ಮಾಡುವ ಆಸೆ ಬೇಡ. ಓ-ರಿಂಗ್ ಕೂರುವ ಜಾಗಕ್ಕೆ ಗೀರು ಬಿದ್ದರೆ ಗಾಳಿ ಸೋರುತ್ತದೆ, ಸಿಂಪಡಿಕೆ ವಾಲ್ವಿನ ಕಡೆ ಹೋಗುವ ಬದಲು ಗೋಡೆಗೆ ಬಡಿಯುತ್ತದೆ. ರನ್ನರಿನ ನಡುಭಾಗದಲ್ಲಿ ಎರಕದ ಒರಟು ತೆಗೆದರೆ ಸಾಕು. 34 ಮಿ.ಮೀ. ಇರುವುದನ್ನು 38 ಮಾಡಿದರೆ ಗಾಳಿಯ ವೇಗ 6500 ಆರ್‌ಪಿಎಂನಲ್ಲಿ 106ರಿಂದ 85 ಮೀಟರಿಗೆ ಇಳಿಯುತ್ತದೆ, ಅದು ಚೆನ್ನಾಗಿಯೇ ಕಾಣುತ್ತದೆ. 2500ರಲ್ಲಿ ಮಾತ್ರ 41 ಇದ್ದದ್ದು 33 ಆಗುತ್ತದೆ. ಊರೊಳಗೆ ಓಡಿಸುವ ಗಾಡಿಗೆ ಬೇಕಾದ ಎಳೆತ ಇರುವುದು ಅಲ್ಲಿ.

ಪ್ಲೆನಮ್ ಕಡೆಯ ಬಾಯಿಗೆ ತುತ್ತೂರಿಯ ಬಾಯಿಯ ಹಾಗೆ 5ರಿಂದ 6 ಮಿ.ಮೀ. ರೇಡಿಯಸ್. ಇಂಥದ್ದನ್ನು ಕಣ್ಣಳತೆಯಲ್ಲಿ ನಾಲ್ಕು ಕಡೆ ಒಂದೇ ಥರ ಮಾಡಲಾಗದು. ತಗಡಿನಲ್ಲಿ ರೇಡಿಯಸ್ ಗೇಜ್ ಕತ್ತರಿಸಿಕೊಂಡು ಪ್ರತಿ ಬಾಯಿಯ ಎಂಟು ಕಡೆ ಇಟ್ಟು ನೋಡಬೇಕು. ಬಾಯಿ ಪ್ಲೆನಮ್ ಗೋಡೆಗೆ ಅಂಟಿಕೊಂಡಿರುವ ಕಡೆ ರೇಡಿಯಸ್ ಬಿಡಿಸಲು ಲೋಹವೇ ಇರುವುದಿಲ್ಲ, ಅಲ್ಲಿ ಗೋಡೆಯಿಂದಲೇ ಮೆಲ್ಲಗೆ ಹರಿಸಬೇಕು.

ಆಮೇಲೆ 60, ಅದರ ನಂತರ 80 ಗ್ರಿಟ್ಟಿನ ಸ್ಯಾಂಡಿಂಗ್ ರೋಲ್. ಅಲ್ಲಿಗೆ ನಿಲ್ಲಿಸಿ. "ಅಣ್ಣಾ, ಕನ್ನಡಿ ಹಂಗೆ ಹೊಳೀಬೇಕು ನೋಡ್ರಿ" ಎಂದು ಕೇಳುವವರಿಗೆ ನಾವು ಇಲ್ಲ ಎನ್ನುತ್ತೇವೆ. ಇಂಜೆಕ್ಟರಿನಿಂದ ಈಚೆಗೆ ಪೆಟ್ರೋಲ್ ಗೋಡೆಗೆ ತಾಗುವ ಕಡೆ ನುಣುಪಾದ ಮೈ ಮೇಲೆ ಅದು ಹನಿಗಟ್ಟಿ ಹರಿಯುತ್ತದೆ. ಸ್ವಲ್ಪ ಒರಟು ಇದ್ದರೆ ಗಾಳಿಗೆ ಬೇಗ ಬೆರೆಯುತ್ತದೆ. ಒಣ ಗಾಳಿ ಮಾತ್ರ ಹೋಗುವ ಕಡೆ ಹೊಳಪಿನಿಂದ ಅಳತೆಗೆ ಸಿಗುವಂಥ ಲಾಭ ಇಲ್ಲ.

ಸಮ ಆಯಿತೇ ಎಂದು ತಿಳಿಯಲು ಫ್ಲೋ ಬೆಂಚ್ ಬೇಕೆಂದಿಲ್ಲ. ಪ್ಲೈವುಡ್ಡಿನ ಪೆಟ್ಟಿಗೆ, ದೊಡ್ಡ ವ್ಯಾಕ್ಯೂಮ್ ಕ್ಲೀನರ್, ಬಣ್ಣದ ನೀರು ತುಂಬಿದ ಎರಡು ಪಾರದರ್ಶಕ ಯು-ಪೈಪು, 28 ಮಿ.ಮೀ. ಚೂಪು ಅಂಚಿನ ತೂತು ಕೊರೆದ 3 ಮಿ.ಮೀ. ಅಲ್ಯೂಮಿನಿಯಂ ಹಾಳೆ. ಪ್ಲೆನಮ್ಮಿನ ಕತ್ತರಿಸಿದ ಭಾಗವನ್ನು ಟೇಪಿನಿಂದ ಮುಚ್ಚಿ, ಥ್ರಾಟಲ್ ಬಾಡಿ ಹಾಕಿ ಪೂರ್ತಿ ತೆರೆದು, ಒಂದು ರನ್ನರ್ ಬಿಟ್ಟು ಉಳಿದ ಮೂರರ ಬಾಯಿ ಮುಚ್ಚಿ. ಗಾಳಿ ಮ್ಯಾನಿಫೋಲ್ಡ್ ದಾಟಿ ಪೆಟ್ಟಿಗೆಗೆ ಬಂದು, ಹಾಳೆಯ ತೂತಿನಿಂದ ವ್ಯಾಕ್ಯೂಮಿಗೆ ಹೋಗಬೇಕು. ಒಂದು ಯು-ಪೈಪು ಮ್ಯಾನಿಫೋಲ್ಡಿನ ಒತ್ತಡ ನಷ್ಟ ತೋರಿಸುತ್ತದೆ, ಇನ್ನೊಂದು ತೂತಿನದ್ದು. ಬೇಕಾದ್ದು ಇವೆರಡರ ಅನುಪಾತ. ಮಧ್ಯಾಹ್ನ ವೋಲ್ಟೇಜ್ ಇಳಿದು ವ್ಯಾಕ್ಯೂಮ್ ನಿಧಾನವಾದರೂ ಎರಡೂ ಓದು ಒಟ್ಟಿಗೆ ಇಳಿಯುತ್ತವೆ, ಅನುಪಾತ ಹಾಗೇ ಉಳಿಯುತ್ತದೆ. ಒತ್ತಡ ನಷ್ಟ ಹರಿವಿನ ವರ್ಗಕ್ಕೆ ತಕ್ಕಂತೆ ಬದಲಾಗುವುದರಿಂದ, ಅನುಪಾತದಲ್ಲಿ ನೂರಕ್ಕೆ 4ರ ವ್ಯತ್ಯಾಸ ಎಂದರೆ ಹರಿವಿನಲ್ಲಿ 2. ನಾಲ್ಕೂ ರನ್ನರ್ ಹರಿವಿನ ಲೆಕ್ಕದಲ್ಲಿ ಆ ಎರಡರೊಳಗೆ ಬರುವವರೆಗೆ ಕೆಲಸ ಮುಗಿದಿಲ್ಲ. ಹಿಂದುಳಿದ ರನ್ನರನ್ನು ತಿದ್ದಬೇಕೇ ಹೊರತು ಉಳಿದವನ್ನು ಕೆಡಿಸುವಂತಿಲ್ಲ. ಗಾತ್ರವನ್ನು ಮತ್ತೆ ಸೀಮೆಎಣ್ಣೆಯಿಂದ ಅಳೆದಾಗ ನಾಲ್ಕರ ನಡುವೆ 2 ಮಿ.ಲೀ. ಒಳಗೆ ಇದ್ದರೆ ಸಾಕು.

ವೆಲ್ಡಿಂಗ್ ಈ ಕೆಲಸದ ನಾಜೂಕಿನ ಭಾಗ. ವರ್ಷಗಟ್ಟಲೆ ಆಯಿಲ್ ಆವಿ ಕುಡಿದ ಎರಕ ಅದು. ಮೇಲೆ ಒರೆಸಿದರೆ ಹೋಗುವುದಿಲ್ಲ. ಅಸಿಟೋನ್‌ನಲ್ಲಿ ಒರೆಸಿ ಆರಿಸಿ, ಆಮೇಲೆ 150 ಡಿಗ್ರಿಯವರೆಗೆ ಬಿಸಿ ಮಾಡಿದರೆ ಆಯಿಲ್ ಬೆವರಿ ಹೊರಬರುತ್ತದೆ. ಮತ್ತೆ ಒರೆಸಿ, ಸ್ಟೇನ್‌ಲೆಸ್ ಬ್ರಷ್ಷಿನಿಂದ ಅಂಚು ಉಜ್ಜಿ. ಅಸಿಟೋನ್ ಪೂರ್ತಿ ಆರುವ ಮುಂಚೆ ಬೆಂಕಿ ಹತ್ತಿರ ತರಬಾರದು. ಮ್ಯಾನಿಫೋಲ್ಡ್ ಫ್ಲ್ಯಾಂಜನ್ನು ದಪ್ಪ ಉಕ್ಕಿನ ಪ್ಲೇಟಿಗೆ ಬೋಲ್ಟಿನಿಂದ ಬಿಗಿದು, ಇಡೀ ತುಂಡನ್ನು 120–150 ಡಿಗ್ರಿಗೆ ಕಾಯಿಸಿ, ಆರ್ಗಾನ್ ಟಿಗ್‌ನಲ್ಲಿ ಎಸಿ ಕರೆಂಟಿನಲ್ಲಿ 4043 ಫಿಲ್ಲರ್ ರಾಡ್ ಹಾಕಿ. ಮೂರು ನಾಲ್ಕು ಸೆಂ.ಮೀ. ಒಂದು ಕಡೆ, ಆಮೇಲೆ ಎದುರು ಕಡೆ, ಹೀಗೆ. ಮುಗಿದ ಮೇಲೆ ಪ್ಲೇಟಿನಲ್ಲೇ ತಣ್ಣಗಾಗಬೇಕು; ನೀರು ಹಾಕಿದರೆ ಸೀಳುತ್ತದೆ.

ಒತ್ತಡ ಪರೀಕ್ಷೆ ಮಾಡುವಾಗ ಒಳಗೆ ಪೂರ್ತಿ ನೀರು ತುಂಬಿ ಕೈಪಂಪಿನಿಂದ ಒತ್ತಡ ಏರಿಸಿ. ಗಾಳಿ ತುಂಬಿ ಏರಿಸಿದರೆ ವೆಲ್ಡ್ ಬಿಟ್ಟಾಗ ತುಂಡು ಹಾರುತ್ತದೆ. ಓಡಿಸುವ ಬೂಸ್ಟಿನ ಒಂದೂವರೆ ಪಟ್ಟು, ಹತ್ತು ನಿಮಿಷ. ಹೊರಗೆ ಒದ್ದೆಯಾದ ಜಾಗಕ್ಕೆ ಗುರುತು ಹಾಕಿ, ಅಲ್ಲಿ ಕೆರೆದು ಮತ್ತೆ ವೆಲ್ಡ್. ಎಪಾಕ್ಸಿ ಪೇಸ್ಟ್ ಒಳಗಡೆ ಬಳಿಯಬೇಡಿ. ಬಿಸಿ, ಪೆಟ್ರೋಲ್ ಆವಿ ತಾಗಿ ಒಂದು ದಿನ ಚೂರು ಕಳಚಿದರೆ ಅದು ಹೋಗುವುದು ವಾಲ್ವಿಗೆ. ಈಗ ಫ್ಲ್ಯಾಂಜ್ ಸರ್ಫೇಸ್ ಮಾಡಿಸಿ. ವೆಲ್ಡಿಂಗಿನಲ್ಲಿ ಅದು ಬಾಗಿಯೇ ಇರುತ್ತದೆ.

ತೊಳೆಯುವುದಕ್ಕೆ ಗ್ರೈಂಡಿಂಗಿನಷ್ಟೇ ಹೊತ್ತು ಕೊಡಿ. ಅಲ್ಯೂಮಿನಿಯಂ ಚೂರನ್ನು ಮ್ಯಾಗ್ನೆಟ್ ಹಿಡಿಯುವುದಿಲ್ಲ. ನಿಪ್ಪಲ್ ತೂತು, ಇಂಜೆಕ್ಟರ್ ಗೂಡು, ವೆಲ್ಡಿನ ಒಳಮೂಲೆ, ಇಲ್ಲೆಲ್ಲ ಚೂರು ಅಡಗಿರುತ್ತದೆ. ಸೋಪಿನ ಬಿಸಿನೀರು, ಬಾಟಲಿ ಬ್ರಷ್, ಗಾಳಿ, ಮತ್ತೆ ಅದೇ. ಬಿಳಿ ಬಟ್ಟೆ ಎಳೆದಾಗ ಒಂದು ಮಿಣುಕೂ ಅಂಟದಷ್ಟು ಆಗಬೇಕು. ಒಂದು ಚೂರು ರಿಂಗಿನ ಪಕ್ಕ ಸಿಕ್ಕಿಕೊಂಡರೆ ಬೋರಿಗೆ ಗೀರು ಬೀಳುತ್ತದೆ.

ಕೂರಿಸುವಾಗ ಹೊಸ ಗ್ಯಾಸ್ಕೆಟ್, ಇಂಜೆಕ್ಟರಿಗೆ ಹೊಸ ಓ-ರಿಂಗ್, ಅದಕ್ಕೆ ಒಂದು ಹನಿ ಎಂಜಿನ್ ಆಯಿಲ್. ಗ್ಯಾಸ್ಕೆಟಿನ ಅಂಚು ದಾರಿಯೊಳಗೆ ಇಣುಕಬಾರದು. ಬೋಲ್ಟುಗಳನ್ನು ನಡುವಿನಿಂದ ಎರಡೂ ತುದಿಯ ಕಡೆಗೆ, ಎರಡು ಸುತ್ತಿನಲ್ಲಿ, ಸರ್ವಿಸ್ ಮ್ಯಾನ್ಯುಯಲ್ಲಿನ ಟಾರ್ಕಿಗೆ ಬಿಗಿಯಿರಿ. ಅಲ್ಯೂಮಿನಿಯಂ ಹೆಡ್ಡಿನ ತ್ರೆಡ್ ಒಂದು ಸಲ ಕಿತ್ತರೆ ಹೆಲಿಕಾಯಿಲ್ (ಸುರುಳಿ ತಂತಿಯ ಹೊಸ ತ್ರೆಡ್) ಹಾಕಿಸುವುದೇ ಗತಿ. ಕೀ ಎರಡು ಮೂರು ಸಲ ತಿರುಗಿಸಿ ಪೆಟ್ರೋಲ್ ಸೋರುತ್ತಿಲ್ಲ ಎಂದು ನೋಡಿ, ವಿಸಿಡಿಎಸ್‌ನಲ್ಲಿ ಬೇಸಿಕ್ ಸೆಟ್ಟಿಂಗ್ 060ಕ್ಕೆ ಹೋಗಿ ಥ್ರಾಟಲ್ ಹೊಂದಾಣಿಕೆ ಮಾಡಿ. ಟರ್ಬೊ ಮುಂದಿನ ಪೈಪಿನಿಂದ 0.7 ಬಾರ್ ಗಾಳಿ ಕೊಟ್ಟು ಎಲ್ಲ ಕೂಡಿಕೆಗೂ ಸೋಪುನೀರು ಬಳಿದು ಗುಳ್ಳೆ ನೋಡಿ.

ಫಲಿತಾಂಶ ಓದುವಾಗ ಒಂದು ಸೂಕ್ಷ್ಮ. ಈ ಗಾಡಿಯಲ್ಲಿ ಬೂಸ್ಟ್ ಸೆನ್ಸರ್ ಇರುವುದು ಇಂಟರ್‌ಕೂಲರಿಗೂ ಥ್ರಾಟಲಿಗೂ ನಡುವೆ, ಮ್ಯಾನಿಫೋಲ್ಡ್ ಒಳಗಲ್ಲ. ಹಾಗಾಗಿ ಪೋರ್ಟಿಂಗ್ ಆದ ಮೇಲೂ ಬೂಸ್ಟ್ ಅಂಕಿ ಮೊದಲಿನಷ್ಟೇ ಇರುತ್ತದೆ. ನೋಡಬೇಕಾದದ್ದು ಅದೇ ಬೂಸ್ಟ್, ಅದೇ ಆರ್‌ಪಿಎಂನಲ್ಲಿ ಬ್ಲಾಕ್ 003ರ ಗ್ರಾಂ ಲೆಕ್ಕ: 5500ರ ಮೇಲೆ ಅದು ಸ್ವಲ್ಪ ಏರಿರಬೇಕು. ಮಾಸ್ ಏರ್‌ಫ್ಲೋ ಸೆನ್ಸರ್ ಹೆಚ್ಚಿದ ಗಾಳಿಯನ್ನು ತೂಗಿಯೇ ಇರುತ್ತದೆ. ಪೆಟ್ರೋಲ್ ಅಳತೆ ತಾನಾಗಿ ಸರಿಹೋಗುತ್ತದೆ. ನಮಗೆ ಅದಕ್ಕಿಂತ ಬೇಕಾದದ್ದು ಬ್ಲಾಕ್ 020. ಮೊದಲು ಒಂದೇ ಸಿಲಿಂಡರಿನಲ್ಲಿ ಟೈಮಿಂಗ್ ಹಿಂದೆ ಸರಿಯುತ್ತಿದ್ದು, ಈಗ ನಾಲ್ಕರಲ್ಲೂ ಹತ್ತಿರ ಹತ್ತಿರದ ಅಂಕಿ ಬಂದರೆ ಹಂಚಿಕೆ ಸರಿಯಾಗಿದೆ. ಆಗಲೂ ಅದೇ ಸಿಲಿಂಡರ್ ಹಿಂದೆ ಸರಿಯುತ್ತಿದ್ದರೆ ಮ್ಯಾನಿಫೋಲ್ಡನ್ನು ದೂರುವ ಮುಂಚೆ ಆ ಇಂಜೆಕ್ಟರ್ ತೆಗೆದು ಸಿಂಪಡಿಕೆ ಪರೀಕ್ಷೆ ಮಾಡಿಸಿ, ಸ್ಪಾರ್ಕ್ ಪ್ಲಗ್ ನೋಡಿ.

ಡೀಸೆಲ್ ಗಾಡಿಯವರಿಗೆ ಎರಡು ಮಾತು. ಅಲ್ಲಿ ಮುಖ್ಯ ಶತ್ರು ಇಜಿಆರ್ ಮಸಿ, ಅಂದರೆ ಎಕ್ಸಾಸ್ಟ್ ಹೊಗೆಯ ಒಂದು ಪಾಲನ್ನು ಮತ್ತೆ ಒಳಗಾಳಿಗೆ ಸೇರಿಸುವ ವ್ಯವಸ್ಥೆ ತರುವ ಮಸಿ. ಆಯಿಲ್ ಆವಿಯ ಜೊತೆ ಸೇರಿ ಟಾರಿನಂತೆ ಗಟ್ಟಿಯಾಗಿ ದಾರಿಯನ್ನೇ ಕಿರಿದು ಮಾಡಿರುತ್ತದೆ. ಮ್ಯಾನಿಫೋಲ್ಡ್ ಬಿಚ್ಚಿ ಅದನ್ನು ತೆಗೆದು, ಹೆಡ್ ಕಡೆಯ ಮೆಟ್ಟಿಲು ಸರಿ ಮಾಡಿದರೆ ಸಿಗಬೇಕಾದ್ದು ಬಹುಪಾಲು ಸಿಕ್ಕಿತು. ಹೆಡ್ಡಿನ ಪೋರ್ಟಿಗೆ ಗ್ರೈಂಡರ್ ಹಾಕಬೇಡಿ. ಆ ಪೋರ್ಟಿನ ಸೊಟ್ಟ ಆಕಾರ ಬೇಕೆಂದೇ ಕೊಟ್ಟದ್ದು. ಗಾಳಿ ಸಿಲಿಂಡರಿನೊಳಗೆ ಸುತ್ತಲಿ ಎಂದು. ಅದನ್ನು ನೇರ ಮಾಡಿದರೆ ಡೀಸೆಲ್ ಸರಿಯಾಗಿ ಬೆರೆಯದೆ ಹೊಗೆ ಹೆಚ್ಚುತ್ತದೆ.

ಪೆಟ್ರೋಲ್ ಗಾಡಿಯನ್ನು 500 ಕಿ.ಮೀ. ಓಡಿಸಿದ ಮೇಲೆ ಬ್ಲಾಕ್ 032 ಮತ್ತೆ ತೆಗೆದು ನೋಡಬೇಕು. ಐಡಲ್ ಟ್ರಿಮ್ ಮೊದಲಿದ್ದದ್ದಕ್ಕಿಂತ ಪ್ಲಸ್ ಕಡೆಗೆ ಸರಿದಿದ್ದರೆ, ಐಡಲ್‌ನಲ್ಲಿ ಎಲ್ಲಿಂದಲೋ ಗಾಳಿ ಕದ್ದು ಒಳಗೆ ಬರುತ್ತಿದೆ: ವೆಲ್ಡಿನ ಸೂಜಿ ತೂತು, ಇಂಜೆಕ್ಟರ್ ಓ-ರಿಂಗ್, ಇಲ್ಲವೇ ಬಿಗಿ ಇಳಿದ ಬೋಲ್ಟ್. ಈ ಮೂರನ್ನು ಇದೇ ಕ್ರಮದಲ್ಲಿ, ಎಂಜಿನ್ ನಿಲ್ಲಿಸಿ ಮೊದಲಿನ ಹಾಗೆ ಗಾಳಿ ಕೊಟ್ಟು, ಸೋಪುನೀರು ಹಾಕಿ ಹುಡುಕಿ.